ಸ್ಲೈಡ್ ಅರ್ಧಕ್ಕೇ ನಿಂತಿತು: ಬದಲಾಯಿಸಿದರೆ ಮುಗೀತಾ, ವರದಿ ಮಾಡಬೇಕಾ?

ಪ್ರಶ್ನೆ: ನಾನು ವಿಮಾನ ನಿರ್ವಹಣೆಯಲ್ಲಿ ಎರಡು ವರ್ಷದಿಂದ ಟೆಕ್ನೀಷಿಯನ್. ಕಳೆದ ವಾರ ಓವರ್‌ಹಾಲ್ (ಪೂರ್ತಿ ಬಿಚ್ಚಿ ತಪಾಸಣೆ) ಅವಧಿಗೆ ಬಂದ ಒಂದು ಬಾಗಿಲಿನ ಸ್ಲೈಡನ್ನು (ತುರ್ತಿನಲ್ಲಿ ಪ್ರಯಾಣಿಕರು ಜಾರಿ ಇಳಿಯುವ, ಗಾಳಿ ತುಂಬಿ ಚಾಚಿಕೊಳ್ಳುವ ಜಾರುಬಂಡೆ) ಇಳಿಸಿ, ವರ್ಕ್‌ಶಾಪ್‌ನಲ್ಲಿ ಅದರದೇ ಬಾಟಲ್‌ನಿಂದ ಹಾರಿಸಿ, ಅಂದರೆ ತುಂಬಿಸಿ, ನೋಡಿದೆವು. ಗ್ಯಾಸ್ ಪೂರ್ತಿ ಹೊರಬಂತು. ಆದರೆ ಸ್ಲೈಡ್ ಅರ್ಧ ತುಂಬಿ, ಮೊಣಕಾಲು ಮಡಚಿದಂತೆ ನಿಂತುಬಿಟ್ಟಿತು. ಇಳಿಸುವ ದಿನದವರೆಗೂ ಬಾಟಲಿನ ಒತ್ತಡ ತೋರಿಸುವ ಗೇಜ್ ಹಸಿರಲ್ಲೇ ಇತ್ತು. ನಮ್ಮ ಸೀನಿಯರ್, "ವಿಮಾನಕ್ಕೆ ಬೇರೆ ಹಾಕಿಯಾಗಿದೆ, ಹಾರಾಟದಲ್ಲಿ ಆದದ್ದೇನಲ್ಲ, ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ" ಅಂದರು. ಇದನ್ನು ವರದಿ ಮಾಡಬೇಕಾ? ದಿನಾ ಗೇಜ್ ನೋಡಿದರೂ ಇದು ನಮಗೆ ಯಾಕೆ ಗೊತ್ತಾಗಲಿಲ್ಲ?

ಉತ್ತರ: ವರದಿ ಮಾಡಬೇಕು. ನಿಮ್ಮ ಸೀನಿಯರ್ ಹೇಳಿದ್ದು ತಪ್ಪು. ಅವರು ಮುಚ್ಚಿಡಲು ನೋಡಿದರು ಅಂತ ನಾನು ಹೇಳುತ್ತಿಲ್ಲ. ವರ್ಕ್‌ಶಾಪ್‌ಗಳಲ್ಲಿ ಇದು ಹಳೆಯ ಅಭ್ಯಾಸ. ದೋಷ ಸಿಕ್ಕಿತು, ಸರಿ ಮಾಡಿದೆವು, ಇನ್ನು ಅದರ ಮಾತೇಕೆ ಅನ್ನುವ ಮನಸ್ಸು. ಪಂಪು, ವಾಲ್ವು, ಚಕ್ರಗಳ ವಿಷಯದಲ್ಲಿ ಈ ಮನಸ್ಸು ಹೇಗೋ ನಡೆದುಹೋಗುತ್ತದೆ. ಅವು ದಿನಾ ದುಡಿಯುತ್ತವೆ, ಕೆಟ್ಟರೆ ಅವತ್ತೇ ಗೊತ್ತಾಗುತ್ತದೆ.

ಸ್ಲೈಡ್ ಹಾಗಲ್ಲ. ಎಷ್ಟೋ ಸ್ಲೈಡ್‌ಗಳು ವಿಮಾನದ ಮೇಲೆ ಒಮ್ಮೆಯೂ ಬಿಚ್ಚಿಕೊಳ್ಳದೆ ಆಯುಸ್ಸು ಮುಗಿಸುತ್ತವೆ. ಬಾಗಿಲಿನ ಕೆಳಗಿನ ಡಬ್ಬದಲ್ಲಿ ವರ್ಷಗಟ್ಟಲೆ ಮಡಚಿಕೊಂಡು ಮಲಗಿರುತ್ತವೆ. ಒಳಗೆ ಏನಾಗಿದೆ ಅಂತ ನಮಗೆ ತಿಳಿಯುವ ಸಂದರ್ಭ ಮೂರೇ. ಒಂದು, ನಿಜವಾದ ಅವಘಡ. ಎರಡು, ಆರ್ಮ್ ಆಗಿರುವ (ತೆರೆದರೆ ಸ್ಲೈಡ್ ತಾನೇ ಬಿಚ್ಚಿಕೊಳ್ಳುವ) ಬಾಗಿಲನ್ನು ಯಾರೋ ಮರೆತು ತೆರೆದಾಗ. ಮೂರು, ವರ್ಕ್‌ಶಾಪ್ ಅಥವಾ ಪರೀಕ್ಷೆ. ಮೊದಲನೆಯದರಲ್ಲಿ ಪಾಠ ಕಲಿಯುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಉಳಿದದ್ದು ಎರಡು. ನಿಮಗೆ ಸಿಕ್ಕಿದ್ದು ಮೂರನೆಯದು, ಯಾರಿಗೂ ಏನೂ ಆಗದೆ ಸಿಕ್ಕಿದ್ದು. ಅದನ್ನು ಬರೆಯದೆ ಬಿಟ್ಟರೆ, ಅದೇ ಕಾರ್ಖಾನೆಯಲ್ಲಿ ಅದೇ ತಿಂಗಳು ತಯಾರಾದ, ಅದೇ ಕೈ ಮಡಚಿದ ಇನ್ನೊಂದು ಸ್ಲೈಡ್ ಇವತ್ತು ಯಾವ ವಿಮಾನದಲ್ಲಿ ಹಾರುತ್ತಿದೆ ಅಂತ ಯಾರೂ ಹುಡುಕುವುದಿಲ್ಲ.

ನಿಯಮವೂ ಇದನ್ನೇ ಹೇಳುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ನಿಯಮಗಳಲ್ಲಿ 121.703 ಅನ್ನುವ ಕಲಮು ಇದೆ. ವಿಮಾನ ಸಂಸ್ಥೆಗಳು ಯಾವ ಯಾವ ದೋಷಗಳನ್ನು ತಿಳಿಸಬೇಕು ಎಂಬ ಪಟ್ಟಿ ಅದು. ಅದರಲ್ಲಿ ತುರ್ತು ನಿರ್ಗಮನ ವ್ಯವಸ್ಥೆಗೇ ಒಂದು ಸಾಲು ಮೀಸಲು. ನಿರ್ಗಮನ ಬಾಗಿಲುಗಳು, ತುರ್ತು ದೀಪಗಳು, ಇಳಿಯುವ ಸಲಕರಣೆ ಎಲ್ಲ ಅದರಡಿ ಬರುತ್ತವೆ. ಯಾವಾಗ ಕೆಟ್ಟರೆ ತಿಳಿಸಬೇಕು ಅನ್ನುವುದನ್ನೂ ಬಿಡಿಸಿ ಬರೆದಿದ್ದಾರೆ: ನಿಜವಾದ ತುರ್ತಿನಲ್ಲಿ, ತರಬೇತಿಯಲ್ಲಿ, ಪರೀಕ್ಷೆಯಲ್ಲಿ, ನಿರ್ವಹಣೆಯಲ್ಲಿ, ಪ್ರದರ್ಶನದಲ್ಲಿ, ಗೊತ್ತಿಲ್ಲದೆ ಬಿಚ್ಚಿಕೊಂಡಾಗ. "ಹಾರಾಟದಲ್ಲಿ ಆದದ್ದಲ್ಲ" ಅನ್ನುವ ವಾದ ಇಲ್ಲೇ ಬಿದ್ದುಹೋಯಿತು, ಅಲ್ವಾ? ಅಲ್ಲಿ ಗಡುವು 96 ಗಂಟೆ. ದುರಸ್ತಿ ಕೇಂದ್ರಗಳಿಗೂ 145.221 ಎಂಬ ಕಲಮಿನಲ್ಲಿ ಗಂಭೀರ ದೋಷ ಕಂಡ 96 ಗಂಟೆಯೊಳಗೆ ತಿಳಿಸುವ ಹೊಣೆ ಇದೆ. ಯುರೋಪಿನಲ್ಲಿ 2014ರ 376ನೇ ನಿಯಮದ ಪ್ರಕಾರ ಕಡ್ಡಾಯ ವರದಿಗೆ 72 ಗಂಟೆ. ನಿಮ್ಮ ಸಂಸ್ಥೆ ಯಾವ ನಿಯಂತ್ರಕರ ಕೆಳಗೆ ಬರುತ್ತದೋ ಅವರ ಗಡುವನ್ನು ನಿಮ್ಮದೇ ಕೈಪಿಡಿಯಲ್ಲಿ ನೋಡಿ. ವಾರ ಕಳೆದಿದ್ದರೆ ಗಡುವು ಮೀರಿರಬಹುದು. ಆದರೂ ಕಳಿಸಿ. ತಡವಾದ ವರದಿಗೆ ವಿವರಣೆ ಕೇಳಬಹುದು, ಕಳಿಸದೆ ಇರುವುದಕ್ಕಿಂತ ಅದೇ ವಾಸಿ.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ಜಾಸ್ತಿ ಇಷ್ಟವಾದದ್ದು ಅದೇ.

ಗೇಜ್ ಹಸಿರು ಅಂದರೆ ಬಾಟಲ್‌ನಲ್ಲಿ ಒತ್ತಡ ಇದೆ ಅಂತ ಮಾತ್ರ ಅರ್ಥ. ಸ್ಲೈಡ್ ಚೆನ್ನಾಗಿದೆ ಅಂತ ಅಲ್ಲ. ಬಾಟಲ್ ತುಂಬಿರುವುದು ಒಂದು ಮಾತು, ಆ ಗ್ಯಾಸ್ ಸರಿಯಾದ ಜಾಗಕ್ಕೆ ಸರಿಯಾದ ಕ್ರಮದಲ್ಲಿ ತಲುಪುವುದು ಬೇರೆಯೇ ಮಾತು. ನಡುವೆ ಏನೇನಿದೆ ನೋಡಿ.

ಆರ್ಮ್ ಆದ ಬಾಗಿಲು ಅಂದರೆ ಏನು? ಸ್ಲೈಡಿನ ತುದಿಯ ಗರ್ಟ್ ಅನ್ನುವ ಬಟ್ಟೆಯೊಳಗೆ ಒಂದು ಲೋಹದ ಸರಳು ಇರುತ್ತದೆ, ಅದೇ ಗರ್ಟ್ ಬಾರ್. ಆರ್ಮ್ ಮಾಡಿದಾಗ ಅದು ಬಾಗಿಲಿನ ಬಳಿ ನೆಲದ ಕೊಂಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಕೆಲವು ವಿಮಾನಗಳಲ್ಲಿ ಲಿವರ್ ಎಳೆದರೆ ಸಾಕು. ಬೋಯಿಂಗ್ 737ರಂಥವುಗಳಲ್ಲಿ ಸಿಬ್ಬಂದಿ ಬಗ್ಗಿ ಕೈಯಾರೆ ಸರಳನ್ನು ಕೂರಿಸಬೇಕು. ಬಾಗಿಲು ಹೊರಗೆ ಹೋದಾಗ ಡಬ್ಬ ಬಾಗಿಲ ಜೊತೆ ಹೋಗುತ್ತದೆ, ಗರ್ಟ್ ನೆಲದಲ್ಲೇ ಉಳಿಯುತ್ತದೆ. ಈ ಎಳೆತಕ್ಕೆ ಮಡಚಿದ ಸ್ಲೈಡಿನ ಪ್ಯಾಕ್ ಕೆಳಗೆ ಬೀಳುತ್ತದೆ, ಬೀಳುವಾಗ ಒಂದು ಎಳೆಹಗ್ಗ, ಅಂದರೆ ಲ್ಯಾನ್‌ಯಾರ್ಡ್ ಬಾಟಲಿನ ವಾಲ್ವನ್ನು ಎಳೆದು ತೆರೆಯುತ್ತದೆ.

ಅಲ್ಲಿಂದ ಮುಂದಿನದು ತಮಾಷೆಯಾಗಿದೆ. ಬಾಟಲಿನಲ್ಲಿರುವ ಗ್ಯಾಸ್‌ನಿಂದಷ್ಟೇ ಸ್ಲೈಡ್ ತುಂಬುವುದಿಲ್ಲ, ತುಂಬಲು ಸಾಧ್ಯವೂ ಇಲ್ಲ. ಆ ಗ್ಯಾಸ್ ಆಸ್ಪಿರೇಟರ್ ಅನ್ನುವ ಕೊಳವೆಯೊಳಗೆ ರಭಸವಾಗಿ ನುಗ್ಗುವಾಗ ಸುತ್ತಲಿನ ಗಾಳಿಯನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಸ್ಲೈಡಿಗೆ ಹೋಗುವ ಗಾಳಿಯಲ್ಲಿ ಹೆಚ್ಚಿನ ಪಾಲು ಹೊರಗಿನದೇ. ಇಲ್ಲದಿದ್ದರೆ ಬಾಟಲ್ ಎಷ್ಟು ದೊಡ್ಡದಾಗಬೇಕಿತ್ತು, ಯೋಚಿಸಿ. ಆಸ್ಪಿರೇಟರಿನ ಬಾಯಿಗೆ ಸಣ್ಣ ಕದಗಳಿರುತ್ತವೆ. ಗಾಳಿ ಒಳಗೆ ಹೋಗುವಾಗ ತೆರೆದುಕೊಳ್ಳುತ್ತವೆ, ಒಳಗೆ ಒತ್ತಡ ಏರಿದಾಗ ಮುಚ್ಚಿಕೊಳ್ಳುತ್ತವೆ. ಈ ಕದ ಅಂಟಿಕೊಂಡಿದ್ದರೆ ಗಾಳಿ ಒಳಗೆ ಬರುವುದಿಲ್ಲ. ಮುಚ್ಚದೆ ನಿಂತರೆ, ಬಂದ ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಎರಡರಲ್ಲೂ ಫಲ ಒಂದೇ, ಬಾಟಲ್ ಖಾಲಿ, ಸ್ಲೈಡ್ ಅರ್ಧ.

ನಿಮ್ಮದೂ ಇದೇ ಇರಬಹುದು. ಅಥವಾ ಮಡಿಕೆಯ ಬಟ್ಟೆಯೇ ಆಸ್ಪಿರೇಟರಿನ ಬಾಯಿಗೆ ಅಡ್ಡ ಬಂದಿರಬಹುದು. "ಮೊಣಕಾಲು ಮಡಚಿದಂತೆ" ಅಂತ ನೀವು ಬರೆದದ್ದು ನನಗೆ ಇನ್ನೊಂದನ್ನೂ ನೆನಪಿಸಿತು. ಉದ್ದದ ಸ್ಲೈಡ್ ಒಂದೇ ಸಲ ಬಿಚ್ಚಿಕೊಂಡರೆ ವಿಮಾನದ ಹೊಟ್ಟೆಯ ಕೆಳಗೆ ನುಗ್ಗಿಬಿಡುತ್ತದೆ. ಹಾಗಾಗಬಾರದು ಅಂತ ನಡುನಡುವೆ ಕಟ್ಟುಗಳನ್ನು ಹಾಕಿ, ಇಂತಿಷ್ಟು ಬಲಕ್ಕೆ ಮಾತ್ರ ಮುರಿಯುವ ಕೊಂಡಿಗಳಿಂದ ಹಿಡಿದಿರುತ್ತಾರೆ. ಒಳಗಿನ ಒತ್ತಡ ಏರಿದ ಹಾಗೆ ಅವು ಒಂದೊಂದಾಗಿ ಮುರಿದು ಸ್ಲೈಡ್ ಹಂತಹಂತವಾಗಿ ಚಾಚಿಕೊಳ್ಳಬೇಕು. ಒಂದು ಕೊಂಡಿ ಮುರಿಯದೆ ಉಳಿದರೆ ಸರಿಯಾಗಿ ಮೊಣಕಾಲಿನ ಆಕಾರವೇ ಬರುತ್ತದೆ. ತಪ್ಪು ಭಾಗ ಸಂಖ್ಯೆಯ ಕೊಂಡಿ ಹಾಕಿದ್ದರಾ? ಎರಡು ಸುತ್ತು ಕಟ್ಟಿದ್ದರಾ? ಅಥವಾ ಕೊಂಡಿ ಸರಿಯೇ ಇದ್ದು, ಎಲ್ಲೋ ಹೊಲಿಗೆ ಬಿಟ್ಟು ಒತ್ತಡವೇ ಏರಲಿಲ್ಲವಾ? ದೂರದಲ್ಲಿ ಕೂತು ನಾನು ಹೇಳಲಾರೆ. ಆ ಸ್ಲೈಡನ್ನು ಯಾರೂ ಮುಟ್ಟದೆ ಇಟ್ಟಿದ್ದರೆ ಹೇಳಬಲ್ಲವರು ಇದ್ದಾರೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಇದೆಲ್ಲ ಎಷ್ಟು ಹೊತ್ತಿನಲ್ಲಿ ಆಗಬೇಕು ಗೊತ್ತಾ? ವಿನ್ಯಾಸ ನಿಯಮದ ಪ್ರಕಾರ, ಸಾಮಾನ್ಯ ಬಾಗಿಲುಗಳಲ್ಲಿ ಸ್ಲೈಡ್ ಬಿಚ್ಚಿಕೊಳ್ಳಲು ಶುರುವಾದ 6 ಸೆಕೆಂಡಿನೊಳಗೆ ತಾನಾಗಿ ನಿಂತುಬಿಡಬೇಕು. 25 ನಾಟ್ (ಗಂಟೆಗೆ ಸುಮಾರು 46 ಕಿಲೋಮೀಟರ್) ವೇಗದ ಗಾಳಿ ಅತಿ ಕೆಟ್ಟ ದಿಕ್ಕಿನಿಂದ ಬೀಸಿದರೂ ಬಿಚ್ಚಿಕೊಳ್ಳಬೇಕು. ಅನುಮೋದನೆಗೆ ಮುಂಚೆ ಸತತ 5 ಸಲ ತಪ್ಪದೆ ತುಂಬಿ ತೋರಿಸಬೇಕು. 44ಕ್ಕಿಂತ ಹೆಚ್ಚು ಸೀಟಿನ ವಿಮಾನದಿಂದ ಅರ್ಧ ಬಾಗಿಲುಗಳನ್ನಷ್ಟೇ ಬಳಸಿ ಎಲ್ಲರೂ 90 ಸೆಕೆಂಡಿನಲ್ಲಿ ಇಳಿಯಬಹುದು ಅಂತ ತಯಾರಕರು ಸಾಬೀತು ಮಾಡಬೇಕು. 2006ರ ಮಾರ್ಚ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಏರ್‌ಬಸ್ ಎ380ರಿಂದ 873 ಜನ 78 ಸೆಕೆಂಡಿನಲ್ಲಿ ಇಳಿದರು, 16ರಲ್ಲಿ 8 ಬಾಗಿಲಿನಿಂದ. ಆದರೆ ಅದು ಹೊಚ್ಚ ಹೊಸ ವಿಮಾನ, ಹೊಚ್ಚ ಹೊಸ ಸ್ಲೈಡ್. ಹತ್ತು ವರ್ಷ ತೇವ, ಬಿಸಿಲು, ಕಂಪನ ತಿಂದ ಪ್ಯಾಕಿನ ಮೇಲೆ ಆ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ಅಂಥ ಪ್ಯಾಕನ್ನು ಹಾರಿಸಿ ನೋಡುವವರು ನೀವು, ನಿಮ್ಮ ವರ್ಕ್‌ಶಾಪ್‌ನಲ್ಲಿ.

ಗೇಜಿನ ಬಗ್ಗೆ ಇನ್ನೊಂದು ಮಾತು. ಈ ಬಾಟಲುಗಳಲ್ಲಿ ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡ್ ಮತ್ತು ನೈಟ್ರೋಜನ್ ಬೆರಸಿ, ಸುಮಾರು 3,000 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ತುಂಬಿರುತ್ತಾರೆ. ಕಾರ್ಬನ್ ಡೈಆಕ್ಸೈಡನ್ನು ತೂಕ ಮಾಡಿ ತುಂಬುತ್ತಾರೆ, ಮೇಲೆ ನೈಟ್ರೋಜನ್ ಒತ್ತಡ ನೋಡಿ ತುಂಬುತ್ತಾರೆ. ಹಾಗಾಗಿ ಒಳಗಿನ ಮಿಶ್ರಣ ಸರಿಯಿದೆಯಾ ಅಂತ ಸೂಜಿ ಹೇಳುವುದಿಲ್ಲ, ತಕ್ಕಡಿ ಹೇಳುತ್ತದೆ. ತಾಪಮಾನಕ್ಕೆ ತಕ್ಕಂತೆ ಸೂಜಿ ಏರಿಳಿಯುತ್ತದೆ. ಬೆಳಗಿನ ಚಳಿಯಲ್ಲಿ ಅಂಚಿಗೆ ಇಳಿದದ್ದು ಮಧ್ಯಾಹ್ನ ನಡುವಿಗೆ ಬಂದಿರುತ್ತದೆ. ಅದಕ್ಕೇ ಪಕ್ಕದಲ್ಲಿ ತಾಪಮಾನದ ಪಟ್ಟಿ ಇರುವುದು. ಪಟ್ಟಿ ನೋಡದೆ ಬರೀ ಬಣ್ಣ ನೋಡಿ ಸಹಿ ಹಾಕುವವರೇ ಜಾಸ್ತಿ.

ಸೂಜಿ ಸುಳ್ಳು ಹೇಳಿದ್ದನ್ನೂ ನಾನು ಕಂಡಿದ್ದೇನೆ. ಒಂದು ಬಾಟಲನ್ನು ಎತ್ತಿ ಮೇಜಿನ ಮೇಲೆ ಇಡುವಾಗ ಯಾಕೋ ಹಗುರ ಅನ್ನಿಸಿತು. ಗೇಜ್ ಹಸಿರಿನ ನಟ್ಟನಡುವೆ ಇತ್ತು. ಬೆರಳಿನಿಂದ ಗಾಜಿಗೆ ಮೆಲ್ಲಗೆ ತಟ್ಟಿದೆ. ಸೂಜಿ ಒಮ್ಮೆ ನಡುಗಿ ಸರ್ರನೆ ಕೆಂಪಿಗೆ ಬಿತ್ತು. ಹಳೆಯ ದಾಖಲೆ ತೆಗೆದು ನೋಡಿದರೆ, ತಿಂಗಳುಗಟ್ಟಲೆ ದಿನಾ "ಹಸಿರು, ಸರಿ" ಅಂತ ಒಂದೇ ಬರಹ. ಚಳಿಗಾಲ ಬೇಸಿಗೆ ಎರಡರಲ್ಲೂ ಸೂಜಿ ಒಂದೇ ಜಾಗದಲ್ಲಿ ಇತ್ತು ಅನ್ನುವುದೇ ಅನುಮಾನ ಹುಟ್ಟಿಸಬೇಕಿತ್ತು. ಯಾರಿಗೂ ಹುಟ್ಟಲಿಲ್ಲ. ಆ ಸಹಿಗಳಲ್ಲಿ ನನ್ನದೂ ಎರಡು ಇದ್ದವು.

ಈ ವ್ಯವಸ್ಥೆ ನಿಜವಾದ ತುರ್ತಿನಲ್ಲಿ ಎಷ್ಟು ಸಲ ಕೈ ಕೊಡುತ್ತದೆ ಅಂತ ಒಂದು ಅಂದಾಜು ಬೇಕಾ? ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2000ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 1997ರಿಂದ 1999ರ ನಡುವೆ ನಡೆದ ಪ್ರಯಾಣಿಕರನ್ನು ವಿಮಾನದಿಂದ ತುರ್ತಾಗಿ ಇಳಿಸಿದ 46 ಪ್ರಸಂಗಗಳನ್ನು ಅದು ನೋಡಿತ್ತು. ಸ್ಲೈಡ್ ಬಳಸಿದ್ದು 19ರಲ್ಲಿ. ಅವುಗಳಲ್ಲಿ 7ರಲ್ಲಿ ಕನಿಷ್ಠ ಒಂದು ಸ್ಲೈಡಾದರೂ ತೊಂದರೆ ಕೊಟ್ಟಿತ್ತು. ಅಂದರೆ ಮೂರಕ್ಕೆ ಒಂದಕ್ಕಿಂತ ಜಾಸ್ತಿ. ಆಗಿನಿಂದ ವಿನ್ಯಾಸ, ಬಟ್ಟೆ, ಅಂಟು ಎಲ್ಲ ಸುಧಾರಿಸಿವೆ. ಆದರೂ ಆ ಅಂಕಿ ನನ್ನ ತಲೆಯಿಂದ ಹೋಗುವುದಿಲ್ಲ.

ಚಿಕ್ಕ ದೋಷ ದೊಡ್ಡದಾಗುವುದು ಹೇಗೆ ಅಂತ ನೋಡಲು 1985ರ ಆಗಸ್ಟ್ 22ರ ಮ್ಯಾಂಚೆಸ್ಟರ್ ಘಟನೆ ಓದಿ. ಬ್ರಿಟಿಷ್ ಏರ್‌ಟೂರ್ಸ್‌ನ 737 ಟೇಕಾಫ್ ಓಟದಲ್ಲೇ ಎಂಜಿನ್ ಒಡೆದು ಬೆಂಕಿ ಹತ್ತಿಕೊಂಡಿತು. ಸಿಬ್ಬಂದಿ ಮೊದಲು ಮುಂದಿನ ಬಲ ಬಾಗಿಲನ್ನು ತೆರೆಯಲು ಹೋದರು. ಸ್ಲೈಡಿನ ಡಬ್ಬದ ಮುಚ್ಚಳ ಬಾಗಿಲಿನ ಚೌಕಟ್ಟಿಗೆ ಸಿಕ್ಕಿಕೊಂಡು ಬಾಗಿಲು ಅರ್ಧಕ್ಕೇ ನಿಂತಿತು. ಅವರು ಎಡ ಬಾಗಿಲನ್ನು ತೆರೆದು, ವಾಪಸ್ ಬಂದು, ಬಲ ಬಾಗಿಲನ್ನು ಬಿಡಿಸಿ ತೆರೆಯುವಷ್ಟರಲ್ಲಿ ವಿಮಾನ ನಿಂತು ಒಂದು ನಿಮಿಷ ದಾಟಿತ್ತು. ಅಂದು 55 ಜನ ಸತ್ತರು. ಸಾವಿಗೆ ಆ ಮುಚ್ಚಳವೊಂದೇ ಕಾರಣ ಅಂತ ಹೇಳುವುದು ತಪ್ಪು. ಹೊಗೆ, ರೆಕ್ಕೆಯ ಮೇಲಿನ ಕಿಂಡಿ, ಇಕ್ಕಟ್ಟಾದ ದಾರಿ, ಎಲ್ಲ ಸೇರಿದ್ದವು. ಆದರೆ ಉರಿಯುವ ವಿಮಾನದಲ್ಲಿ ಒಂದು ಬಾಗಿಲಿನ ಒಂದು ನಿಮಿಷ ಅಂದರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಇವತ್ತಿಗೂ ಡಬ್ಬದ ಮುಚ್ಚಳದ ಬಿರುಕನ್ನೋ ಬಿದ್ದುಹೋದ ಸ್ಕ್ರೂವನ್ನೋ "ಬರೀ ಅಂದಕ್ಕೆ ಸಂಬಂಧಿಸಿದ್ದು" ಅಂತ ಮುಂದೂಡುವುದನ್ನು ನೋಡಿದಾಗ ನನಗೆ ಆ ಮುಚ್ಚಳ ನೆನಪಾಗುತ್ತದೆ.

2009ರ ಜನವರಿ 15ರಂದು ಹಡ್ಸನ್ ನದಿಯ ಮೇಲೆ ಇಳಿದ ಯುಎಸ್ ಏರ್‌ವೇಸ್ ವಿಮಾನದಲ್ಲೂ ಮುಂದಿನ ಎಡ ಬಾಗಿಲಿನ ಸ್ಲೈಡ್ ತಾನಾಗಿ ತುಂಬಲಿಲ್ಲ. ಸಿಬ್ಬಂದಿ ಕೈಯಿಂದ ಎಳೆಯುವ ಕೆಂಪು ಹಿಡಿಯನ್ನು ಎಳೆದರು, ತುಂಬಿತು. ಆ ಹಿಡಿ ಇರುವುದೇ ಅದಕ್ಕೆ. ಪ್ಯಾಕ್ ಕೂರಿಸುವಾಗ ಅದು ಮಡಿಕೆಯೊಳಗೆ ಅಡಗಿಹೋಗದೆ ಕೈಗೆ ಸಿಗುವ ಹಾಗೆ ಇದೆಯಾ ಅಂತ ಎರಡು ಸಲ ನೋಡಿ. 2013ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷ್ಯಾನಾ 777ರ ಎರಡು ಸ್ಲೈಡ್‌ಗಳು ಕ್ಯಾಬಿನ್ ಒಳಗೇ ತುಂಬಿಕೊಂಡು ಸಿಬ್ಬಂದಿಯನ್ನು ಅಮುಕಿ ಹಿಡಿದಿದ್ದವು. ಅದು ನಿರ್ವಹಣೆಯ ತಪ್ಪಲ್ಲ, ಬಡಿತದ ಬಲ ವಿನ್ಯಾಸದ ಮಿತಿಯನ್ನೇ ಮೀರಿತ್ತು.

ಇನ್ನು ವರದಿ ಬರೆಯುವ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕಳಿಸಿದ ವರದಿಗಳಲ್ಲೂ ಅರ್ಧದಷ್ಟು ಕೆಲಸಕ್ಕೆ ಬಾರದವು. ಸಾಮಾನ್ಯವಾಗಿ ಕಾಣುವ ಬರಹ ಹೀಗಿರುತ್ತದೆ:

"ಸ್ಲೈಡ್ ಸರಿಯಾಗಿ ತುಂಬಲಿಲ್ಲ. ಬದಲಾಯಿಸಲಾಯಿತು. ಪರೀಕ್ಷೆ ತೃಪ್ತಿಕರ."

ಇದರಲ್ಲಿ ನಾವು ಏನು ಮಾಡಿದೆವು ಅಂತ ಇದೆ. ಸ್ಲೈಡ್ ಏನು ಮಾಡಿತು ಅಂತ ಇಲ್ಲ. ಓದುವವರಿಗೆ ಬೇಕಾದದ್ದು ಎರಡನೆಯದು. ನೀವು ಕೊಟ್ಟ ವಿವರವನ್ನೇ ಇಟ್ಟುಕೊಂಡು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಓವರ್‌ಹಾಲ್‌ಗೆ ಇಳಿಸಿದ 2ಎಲ್ (ಎಡಗಡೆಯ ಎರಡನೇ) ಬಾಗಿಲಿನ ಸ್ಲೈಡನ್ನು ಅದರದೇ ಬಾಟಲ್‌ನಿಂದ ಹಾರಿಸಲಾಯಿತು. ಹಾರಿಸುವ ಮುನ್ನ ಗೇಜ್ ಇಷ್ಟು, ಕೋಣೆಯ ತಾಪಮಾನ ಇಷ್ಟು, ಬಾಟಲ್ ತೂಕ ಇಷ್ಟು. ವಾಲ್ವ್ ಮೊದಲ ಎಳೆತಕ್ಕೇ ತೆರೆಯಿತು. ಮೇಲಿನ ಭಾಗ ತುಂಬಿತು. ಕೆಳಗಿನ ಭಾಗ ಮಡಚಿಕೊಂಡೇ ಉಳಿಯಿತು. ಒಂದು ನಿಮಿಷದ ನಂತರ ಒತ್ತಡ ಇಷ್ಟು. ಎಡ ಆಸ್ಪಿರೇಟರಿನ ಕದ ತೆರೆದೇ ಇತ್ತು. ಎರಡನೇ ಕಟ್ಟಿನ ಕೊಂಡಿ ಮುರಿದಿರಲಿಲ್ಲ."

ಬಾಗಿಲಿನ ನಂಬರ್, ವಾಲ್ವಿನ ಮಾತು, ಕೊನೆಯ ಎರಡು ಸಾಲು ನಾನು ಊಹಿಸಿ ಬರೆದದ್ದು. ನೀವು ಕಂಡದ್ದನ್ನು ಬರೆಯಿರಿ. ಕಂಡಿದ್ದೊಂದು, ಅನಿಸಿದ್ದೊಂದು. ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಸಾಲಿನಲ್ಲಿ. "ಆಸ್ಪಿರೇಟರ್ ಕೆಟ್ಟಿದ್ದರಿಂದ ತುಂಬಲಿಲ್ಲ" ಅಂತ ಒಂದೇ ಸಾಲಿನಲ್ಲಿ ಬರೆದರೆ ಓದಿದವರು ಬೇರೆ ಕಾರಣ ಹುಡುಕುವುದನ್ನೇ ಬಿಡುತ್ತಾರೆ. ಜೊತೆಗೆ ಸ್ಲೈಡ್, ಬಾಟಲ್, ವಾಲ್ವ್ ಮೂರರದ್ದೂ ಭಾಗ ಸಂಖ್ಯೆ, ಸರಣಿ ಸಂಖ್ಯೆ, ತಯಾರಾದ ದಿನ, ಹಿಂದಿನ ಓವರ್‌ಹಾಲ್ ಯಾವಾಗ, ಎಲ್ಲಿ ಮಡಚಿದ್ದು, ಎಲ್ಲ ಬೇಕು. ಇವು ಸುಮ್ನೆ ಫಾರ್ಮ್ ತುಂಬಿಸುವ ಅಂಕಿಗಳಲ್ಲ. ಇನ್ನೊಂದು ಊರಿನಲ್ಲಿ ಇನ್ನೊಬ್ಬರ ಕೈಯಲ್ಲಿ ಇದೇ ಥರ ಆಗಿದ್ದರೆ ಎರಡನ್ನೂ ಜೋಡಿಸುವ ದಾರ ಇದೊಂದೇ.

ವಿಮಾನದ ಮೇಲೆ ಯಾರೋ ತಪ್ಪಾಗಿ ಸ್ಲೈಡ್ ಹಾರಿಸಿದಾಗ ಇದು ಇನ್ನೂ ಮುಖ್ಯ. ಅಲ್ಲಿ ಎಲ್ಲರ ಗಮನ ತಪ್ಪು ಯಾರದ್ದು, ಮುಂದಿನ ಹಾರಾಟ ಎಷ್ಟು ತಡ ಅನ್ನುವುದರ ಮೇಲೆ. ಸ್ಲೈಡ್ ಎಷ್ಟು ಸೆಕೆಂಡಿನಲ್ಲಿ ತುಂಬಿತು, ನೇರ ನಿಂತಿತಾ, ಒಂದು ಕಡೆ ವಾಲಿತಾ ಅಂತ ಯಾರೂ ಬರೆಯುವುದಿಲ್ಲ. ಪುಕ್ಕಟೆ ಸಿಕ್ಕ ಪರೀಕ್ಷೆ ಅದು, ಹಾಳಾಗಿ ಹೋಗುತ್ತದೆ. ಮೊಬೈಲ್ ತೆಗೆದು ನಾಲ್ಕು ಫೋಟೋ ಹಿಡಿಯಿರಿ, ಆಮೇಲೆ ಬಯ್ಯುವವರು ಬಯ್ಯಲಿ.

ಕ್ಯಾಬಿನ್ ಸಿಬ್ಬಂದಿ ಬರೆಯುವ ಸಾಲುಗಳನ್ನೂ ಹಗುರವಾಗಿ ತಗೋಬೇಡಿ. "2ಎಲ್ ಬಾಗಿಲು ಗಟ್ಟಿ" ಅಂತ ಕ್ಯಾಬಿನ್ ಲಾಗ್‌ನಲ್ಲಿ ಬಂದರೆ ಹೋಗಿ ಒಮ್ಮೆ ತೆರೆದು ನೋಡಿ "ಸರಿ ಇದೆ" ಅಂತ ಮುಚ್ಚುವುದು ಸುಲಭ. ಅವರನ್ನು ಸಿಕ್ಕಾಗ ಕೇಳಿ: ಇಳಿದ ತಕ್ಷಣವಾ, ಹೊತ್ತು ಕಳೆದ ಮೇಲಾ? ಹಿಡಿ ಎಷ್ಟು ತಿರುಗಿದಾಗ ಗಟ್ಟಿಯಾಯಿತು? ಹಿಂದಿನ ಹಾರಾಟದಲ್ಲೂ ಹೀಗಿತ್ತಾ? ದಿನಾ ಆ ಬಾಗಿಲನ್ನು ತೆರೆಯುವ ಕೈಗೆ ತಿರುಗಿಸುವ ಬಲ ಅಳೆಯುವ ನಮ್ಮ ಟಾರ್ಕ್ ಮೀಟರಿಗಿಂತ ಮೊದಲು ವ್ಯತ್ಯಾಸ ತಿಳಿಯುತ್ತದೆ. ಅದೇ ಬಾಗಿಲು, ಅದೇ ದೂರು, ಮೂರು ಸಲ "ಸರಿ ಇದೆ" ಅಂತ ಮುಚ್ಚಿದ್ದು ಕಂಡರೆ ನಾಲ್ಕನೇ ಸಲ ಮುಚ್ಚಬೇಡಿ. ಹಿಂಜ್, ಸೀಲ್, ಬಾಗಿಲನ್ನು ತಳ್ಳುವ ಸಿಲಿಂಡರಿನ ಒತ್ತಡ, ಗರ್ಟ್ ಬಾರ್ ಕೂರುವ ಕೊಂಡಿಯ ಗುಳಿಯಲ್ಲಿ ಸೇರಿದ ಕಸ, ಒಂದೊಂದಾಗಿ ನೋಡಿ. ನೆಲದ ಆ ಗುಳಿಗಳಲ್ಲಿ ಏನೇನು ಸಿಗುತ್ತದೆ ಅಂತ ಒಂದು ಪಟ್ಟಿಯನ್ನೇ ಮಾಡಬಹುದು: ಸಕ್ಕರೆ ಪೊಟ್ಟಣ, ಪೆನ್ನಿನ ಮುಚ್ಚಳ, ಗಟ್ಟಿಯಾದ ಜ್ಯೂಸು.

ಉಳಿದ ಸಲಕರಣೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ತುರ್ತು ದೀಪಗಳು ತಮ್ಮ ಬ್ಯಾಟರಿಯಿಂದ ಕನಿಷ್ಠ 10 ನಿಮಿಷ ಉರಿಯಬೇಕು. ಸ್ವಿಚ್ ಹಾಕಿ, ಹತ್ತಿತು ಅಂತ ಆರಿಸಿದರೆ ಬ್ಯಾಟರಿಯ ಗುಣ ಗೊತ್ತಾಗುವುದಿಲ್ಲ. ನೆಲದ ಹೊಳೆಯುವ ಪಟ್ಟಿಗಳು ಬೆಳಕನ್ನು ಕುಡಿದು ಆಮೇಲೆ ಹೊಳೆಯುವ ಜಾತಿಯವಾದರೆ, ದಿನದ ಮೊದಲ ಹಾರಾಟಕ್ಕೆ ಮುಂಚೆ ಕ್ಯಾಬಿನ್ ದೀಪ ಸಾಕಷ್ಟು ಹೊತ್ತು ಉರಿದಿರಬೇಕು, ಮೇಲೆ ಕೊಳೆ ಕೂತಿರಬಾರದು. ಸಿಬ್ಬಂದಿ ಸೀಟಿನ ಪಕ್ಕದ ಟಾರ್ಚ್‌ಗಳಲ್ಲಿ ಸಣ್ಣ ಕೆಂಪು ದೀಪ ಮೂರ್ನಾಲ್ಕು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಮಿನುಗು ನಿಧಾನವಾಗಿ 10 ಸೆಕೆಂಡು ದಾಟಿದರೆ ಬ್ಯಾಟರಿ ಸೋತಿದೆ ಅಂತ. ನಿಂತು ಎಣಿಸಬೇಕು, ಅಷ್ಟೇ. ಮೆಗಾಫೋನನ್ನು ಯಾರೂ ಮುಟ್ಟುವುದೇ ಇಲ್ಲ. 2024ರ ಜನವರಿ 2ರಂದು ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ಉರಿಯುತ್ತಿದ್ದಾಗ ಕ್ಯಾಬಿನ್ ಧ್ವನಿವರ್ಧಕ ಸತ್ತಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು, ಬರೀ ಗಂಟಲಿನಿಂದ ಕೂಗಿ, 8ರಲ್ಲಿ 3 ಬಾಗಿಲಿನಿಂದ 379 ಜನರನ್ನೂ ಜೀವಂತ ಇಳಿಸಿದರು. ಆ ಮೆಗಾಫೋನಿನ ಬ್ಯಾಟರಿಯನ್ನು ಯಾರೋ ಒಬ್ಬರು ಸರಿಯಾಗಿ ನೋಡಿದ್ದರು.

ದೋಷ ಕಂಡ ಬಾಗಿಲಿನೊಂದಿಗೆ ವಿಮಾನ ಹಾರಬಹುದಾ ಅನ್ನುವ ಪ್ರಶ್ನೆಯೂ ನಿಮಗೆ ಬಂದೇ ಬರುತ್ತದೆ. ಅದಕ್ಕೆ ಉತ್ತರ, ಏನೇನು ಕೆಟ್ಟಿದ್ದರೂ ಯಾವ ಷರತ್ತಿನ ಮೇಲೆ ಹಾರಬಹುದು ಅಂತ ಹೇಳುವ ಪಟ್ಟಿಯಾದ ಎಂಇಎಲ್‌ನಲ್ಲಿ ಇರುತ್ತದೆ, ಸೀನಿಯರ್ ಬಾಯಲ್ಲಿ ಅಲ್ಲ. ದುರಸ್ತಿಗೆ ಅಲ್ಲಿ ಬಿ ವರ್ಗ ಅಂದರೆ 3 ದಿನ, ಸಿ ಅಂದರೆ 10, ಡಿ ಅಂದರೆ 120. ಎ ವರ್ಗಕ್ಕೆ ಅಲ್ಲಲ್ಲೇ ಬರೆದ ಗಡುವು. ಕೆಟ್ಟ ಬಾಗಿಲನ್ನು ಬಳಸದೆ ಹಾರಲು ಅನುಮತಿ ಇದ್ದರೂ ಪ್ರಯಾಣಿಕರ ಸಂಖ್ಯೆ ಇಳಿಸುವುದು, ಆ ಭಾಗದ ಸೀಟುಗಳನ್ನು ಖಾಲಿ ಬಿಡುವುದು, ನಿರ್ಗಮನ ಫಲಕ ಮುಚ್ಚುವುದು ಇಂಥ ಷರತ್ತುಗಳಿರುತ್ತವೆ. ಫಲಕ ಮುಚ್ಚುವುದನ್ನು ಮರೆತರೆ ಕತ್ತಲಲ್ಲಿ ಜನ ಕೆಟ್ಟ ಬಾಗಿಲಿಗೇ ಓಡುತ್ತಾರೆ.

ನಿಮ್ಮ ಜೀವದ ಮಾತೂ ಇದೆ. ಬಾಗಿಲಿನ ಹತ್ತಿರ ಕೈ ಹಾಕುವ ಮುಂಚೆ ಡಿಸ್‌ಆರ್ಮ್ ಆಗಿದೆಯಾ ಅಂತ ನೀವೇ ಕಣ್ಣಾರೆ ನೋಡಿ, "ನೋಡಿದ್ದೇನೆ" ಅಂದವರ ಮಾತು ನಂಬಬೇಡಿ. ಕೆಲಸ ಮಾಡುವಾಗ ವಾಲ್ವ್‌ಗೆ ಸೇಫ್ಟಿ ಪಿನ್ ಹಾಕಿ. ಮುಗಿದ ಮೇಲೆ ತೆಗೆಯಿರಿ. ಎರಡನೆಯದೇ ಮರೆಯುವುದು. ಒಮ್ಮೆ ರಾತ್ರಿ ಪಾಳಿಯಲ್ಲಿ ನಮ್ಮ ಜೊತೆಗಿದ್ದ ಹುಡುಗನೊಬ್ಬ ಟಾರ್ಚ್ ಹಿಡಿದು ಡಬ್ಬದ ಸಂದಿಯಲ್ಲಿ ಇಣುಕಿದಾಗ ಪಿನ್ನಿಗೆ ಕಟ್ಟಿದ ಕೆಂಪು ಪಟ್ಟಿಯ ತುದಿ ಒಂದು ಚೂರು ಕಂಡಿತು. ಪಿನ್ ಅಲ್ಲೇ ಇತ್ತು. ಪಟ್ಟಿ ಮಡಚಿ ಹಿಂದೆ ಸೇರಿಕೊಂಡಿತ್ತು. ಗೇಜ್ ಹಸಿರು, ಪ್ಯಾಕ್ ಹೊಸದು, ಕಾಗದಪತ್ರ ಸರಿ, ಆದರೆ ಆ ಸ್ಲೈಡ್ ಯಾವ ಕಾಲಕ್ಕೂ ತುಂಬುತ್ತಿರಲಿಲ್ಲ. ಆ ದಿನದಿಂದ ನಮ್ಮಲ್ಲಿ ಪಿನ್‌ಗಳಿಗೆ ನಂಬರ್ ಬಂತು. ಎಷ್ಟು ಹೊರಗೆ ಹೋಯಿತೋ ಅಷ್ಟೂ ಪೆಟ್ಟಿಗೆಗೆ ವಾಪಸ್ ಬರುವವರೆಗೆ ಯಾರೂ ಸಹಿ ಹಾಕುವ ಹಾಗಿಲ್ಲ.

ಸೀನಿಯರ್ ಜೊತೆ ಜಗಳ ಬೇಡ. "ಸರ್, ನಿಯಮದ ಪಟ್ಟಿಯಲ್ಲಿ ನಿರ್ವಹಣೆ, ಪರೀಕ್ಷೆ ಅಂತಲೂ ಇದೆ, ಕರಡು ನಾನೇ ಬರೆದಿದ್ದೇನೆ, ಒಮ್ಮೆ ನೋಡಿ" ಅಂತ ಹಾಳೆ ಮುಂದಿಡಿ. ಬಹಳಷ್ಟು ಸಲ ಅವರಿಗೆ ಬೇಡವಾಗಿರುವುದು ವರದಿಯಲ್ಲ, ಬರೆಯುವ ಕೆಲಸ. ಅವರು ಆಗಲೂ ಒಪ್ಪದಿದ್ದರೆ ನಿಮ್ಮ ಸಂಸ್ಥೆಯ ಸುರಕ್ಷತಾ ವಿಭಾಗಕ್ಕೆ ನೀವೇ ಕೊಡಬಹುದು. ಹೆಸರು ಗುಟ್ಟಾಗಿಡುವ ದಾರಿ ಇದೆಯಾ ಅಂತಲೂ ಅಲ್ಲೇ ಕೇಳಿ.

ಅದಕ್ಕೂ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಆ ಸ್ಲೈಡ್ ಎಲ್ಲಿದೆ ಹುಡುಕಿ. ಬಿಚ್ಚಿ ತೊಳೆದು ಮತ್ತೆ ಮಡಚಲು ಶುರು ಮಾಡಿದ್ದರೆ ನಿಲ್ಲಿಸಿ, ಮೇಲೊಂದು ಕೆಂಪು ಟ್ಯಾಗ್ ಕಟ್ಟಿ ಬೇರೆ ಇಡಿಸಿ. ಮುರಿದ ಕೊಂಡಿಯ ತುಂಡುಗಳು, ಲ್ಯಾನ್‌ಯಾರ್ಡ್, ಹರಿದ ಹೊದಿಕೆ ಸಿಕ್ಕರೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸರಣಿ ಸಂಖ್ಯೆ ಬರೆದಿಡಿ. ಕೊಂಡಿಯ ತುಂಡು ಬೆರಳ ತುದಿಯಷ್ಟು ಇರುತ್ತದೆ, ಗುಡಿಸುವವರಿಗೆ ಅದು ಕಸವೇ. ಕಸದ ಬುಟ್ಟಿಯನ್ನು ಯಾವತ್ತು ಖಾಲಿ ಮಾಡುತ್ತಾರೆ ಅಂತ ಮೊದಲು ಕೇಳಿಕೊಳ್ಳಿ.